ಕನಸಿನ ನೋಟ್‌ಬುಕ್ಕು ಸುಡಬೇಡಿ

ಪ್ರಶ್ನೆ: ನಮ್ಮ ತಂದೆ ಬೆಟಗೇರಿಯಲ್ಲಿ ಕೈಮಗ್ಗ ನೇಯುತ್ತಿದ್ದರು. ಒಂದಿಷ್ಟು ಕತೆಗಳನ್ನೂ ಬರೆದಿದ್ದರು. ಹೋದ ವರ್ಷ ತೀರಿಕೊಂಡರು. ಟ್ರಂಕಿನಲ್ಲಿ ಅವರ ನೋಟ್‌ಬುಕ್ಕುಗಳು ಸಿಕ್ಕಿವೆ. ಎಲ್ಲ ಬರೀ ಕನಸು. ಪೆನ್ಸಿಲ್ಲಿನ ಅಡ್ಡಾದಿಡ್ಡಿ ಅಕ್ಷರ, ಮೇಲೆ ತಾರೀಖು. ಒಂದು ಪುಟ ಹೀಗಿದೆ: ‘ಮಗ್ಗದ ಕುಣಿ ತುಂಬ ನೀರು. ಲಾಳಿ ಮೀನಾಗಿತ್ತು. ಕೈಗೆ ಸಿಗಲಿಲ್ಲ. ಅಣ್ಣ ನೀರಿನ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದ.’ ಇದರಲ್ಲಿ ‘ಅಣ್ಣ’ ಅನ್ನೋದನ್ನು ಹೊಡೆದು, ಮೇಲೆ ‘ಸಾಹುಕಾರ’ ಎಂದು ಬರೆದಿದ್ದಾರೆ. ಎಲ್ಲವನ್ನೂ ತಿದ್ದಿ, ಕತೆಯ ರೂಪ ಕೊಟ್ಟು ಪುಸ್ತಕ ಮಾಡೋಣ ಅನ್ನುತ್ತಾನೆ ನನ್ನ ತಮ್ಮ. ಮನೆ ಮಂದಿಯ ಹೆಸರುಗಳಿವೆ, ಸುಟ್ಟು ಬಿಡಿ ಅನ್ನುತ್ತಾರೆ ದೊಡ್ಡಪ್ಪನ ಮಕ್ಕಳು. ಅಪ್ಪನ ತಲೆ ಸರಿ ಇತ್ತೋ ಇಲ್ಲವೋ ಎಂದು ಅಮ್ಮನಿಗೆ ಚಿಂತೆ. ಏನು ಮಾಡಲಿ?
— ಬೆಟಗೇರಿಯ ಓದುಗರು (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಸುಡಬೇಡಿ. ತಿದ್ದಲೂ ಬೇಡಿ. ಇವತ್ತೇ ಅಮ್ಮನ ಹತ್ತಿರ ಕೂತು ನಿಮ್ಮ ತಂದೆಯ ತಲೆ ಸರಿಯಾಗಿತ್ತು ಎಂದು ಹೇಳಿ. ಕನಸು ಬರೆದಿಡುವವರ ಒಂದು ದೊಡ್ಡ ಬಳಗವೇ ಇದೆ. ನಿಮ್ಮ ತಂದೆ ಆ ಬಳಗದವರು.

ಫ್ರಾನ್ಸಿನ ಆಂದ್ರೆ ಬ್ರೆಟನ್ ಹೆಸರು ಕೇಳಿರಬಹುದು. ಕನಸಿಗೂ ಒಳಮನಸ್ಸಿಗೂ ಕಲೆ-ಸಾಹಿತ್ಯದಲ್ಲಿ ಜಾಗ ಕೊಟ್ಟ ಸರ್ರಿಯಲಿಸಂ ಚಳವಳಿಯ ಮೊದಲ ಪ್ರಣಾಳಿಕೆಯನ್ನು 1924ರಲ್ಲಿ ಬರೆದವನು. ಅದಕ್ಕೂ ಮೊದಲು ಅವನು ವೈದ್ಯಕೀಯ ವಿದ್ಯಾರ್ಥಿ. ಮೊದಲ ಮಹಾಯುದ್ಧದ ಕಾಲಕ್ಕೆ, 1916ರಲ್ಲಿ, ಸೇಂಟ್ ದಿಜಿಯೇ ಎಂಬ ಊರಲ್ಲಿ ಸೈನಿಕರ ಮಾನಸಿಕ ಚಿಕಿತ್ಸಾ ಕೇಂದ್ರದಲ್ಲಿ ಕೆಲಸ ಮಾಡಿದ. ಯುದ್ಧದಲ್ಲಿ ಮನಸ್ಸು ಕೆಟ್ಟು ಬಂದ ಹುಡುಗರ ಕನಸುಗಳನ್ನು ಕೇಳಿ ಕೇಳಿ ಬರೆದುಕೊಂಡ. ಆಗ ಅವನಿಗೆ ಬರೀ 20 ವರ್ಷ. ಮುಂದೆ ಅವನೂ ಗೆಳೆಯರೂ ಒಂದು ಪತ್ರಿಕೆ ತೆಗೆದರು. 1924ರ ಡಿಸೆಂಬರಿನ ಮೊದಲ ಸಂಚಿಕೆಯಲ್ಲೇ ಕನಸುಗಳಿಗೆ ಜಾಗ ಕೊಟ್ಟರು. ಚಿತ್ರಕಾರ ಜಾರ್ಜಿಯೋ ದೆ ಕಿರಿಕೋನ ಕನಸೂ ಅದರಲ್ಲಿತ್ತು. ಇವರು ಯಾರೂ ಹುಚ್ಚರಲ್ಲ. ಹಗಲಿನ ಬದುಕಿಗೆ ಎಷ್ಟು ಬೆಲೆ ಕೊಡುತ್ತೇವೋ ರಾತ್ರಿಯದಕ್ಕೂ ಅಷ್ಟೇ ಕೊಡಬೇಕು ಅನ್ನೋದು ಅವರ ಹಟ.

ಈಗ ನಿಮ್ಮ ತಮ್ಮನ ಮಾತಿಗೆ ಬರುತ್ತೇನೆ. ಪ್ರೀತಿಯಿಂದಲೇ ಹೇಳುತ್ತಿದ್ದಾನೆ, ಗೊತ್ತು. ಆದರೆ ಆ ಹೊಡೆದು ಹಾಕಿದ ‘ಅಣ್ಣ’ ಇದೆಯಲ್ಲ, ಇಡೀ ಪುಟದಲ್ಲಿ ನನಗೆ ಹೆಚ್ಚು ಬೆಲೆಯ ಪದ ಅದೇ. ಕನಸಲ್ಲಿ ಕಂಡದ್ದು ಅಣ್ಣನೋ, ಸಾಹುಕಾರನೋ, ಇಬ್ಬರ ಮುಖವೂ ಒಂದಾಗಿತ್ತೋ? ಎಚ್ಚರಾದ ಮೇಲೆ ಅಣ್ಣನ ಹೆಸರು ಬರೆಯಲು ಸಂಕೋಚವಾಯಿತೋ? ತಮ್ಮ ಟೈಪ್ ಮಾಡಿ ‘ಸಾಹುಕಾರ’ ಎಂದಷ್ಟೇ ಹಾಕಿದರೆ ಈ ಪ್ರಶ್ನೆಗಳೆಲ್ಲ ಅಲ್ಲಿಗೇ ಮುಗಿದು ಹೋಗುತ್ತವೆ. ಧಾರವಾಡದಲ್ಲಿ ಹಸ್ತಪ್ರತಿಗಳ ನಡುವೆಯೇ ನನ್ನ ನೌಕರಿ ಕಳೆಯಿತು. ತಾಳೆಗರಿಯಲ್ಲಿ ಲಿಪಿಕಾರ ಗೀರಿ ಬಿಟ್ಟ ಒಂದೇ ಅಕ್ಷರದ ಮೇಲೆ ಎಷ್ಟೋ ಮಧ್ಯಾಹ್ನ ವಾದ ಮಾಡಿದ್ದೇವೆ. ಪುಣ್ಯಕ್ಕೆ ಅದನ್ನು ಯಾರೂ ಅಳಿಸಿರಲಿಲ್ಲ.

ಇನ್ನೊಂದು ದೊಡ್ಡ ಕೆಲಸ ಇದೆ: ಆ ಕನಸುಗಳ ಹೊತ್ತಿಗೆ ಮನೆಯಲ್ಲಿ ಏನು ನಡೆದಿತ್ತು ಎಂದು ಬರೆದಿಡೋದು. ಅದನ್ನು ಮುಂದಕ್ಕೆ ಹಾಕಬೇಡಿ. 1937ರಲ್ಲಿ ಬ್ರೆಟನ್ ಒಂದು ಕನಸಿನ ಸಂಕಲನ ತಯಾರು ಮಾಡುತ್ತಿದ್ದ. ಬರೆದು ಕೊಡಿ ಎಂದು, ಕನಸುಗಳ ಅರ್ಥ ಬಿಡಿಸಿ ಹೆಸರಾದ ವಿಯೆನ್ನಾದ ವೈದ್ಯ ಫ್ರಾಯ್ಡ್‌ಗೆ ಕೇಳಿದ. ಫ್ರಾಯ್ಡ್ ಒಪ್ಪಲಿಲ್ಲ. ಕನಸು ಕಂಡವನ ಸಂದರ್ಭ ಗೊತ್ತಿಲ್ಲದೆ, ಅವನಿಗೆ ಅದರಿಂದ ಏನೇನು ನೆನಪಾಯಿತು ಎಂದು ತಿಳಿಯದೆ, ಬರೀ ಕನಸುಗಳನ್ನು ಕೂಡಿ ಹಾಕಿದರೆ ನನಗೇನೂ ತಿಳಿಯುವುದಿಲ್ಲ ಎಂಬ ಅರ್ಥದಲ್ಲಿ ಉತ್ತರ ಬರೆದರು. ಈ ಒಂದು ವಿಷಯದಲ್ಲಿ ನಾನು ಪೂರ್ತಿ ಫ್ರಾಯ್ಡ್ ಕಡೆ. ವಿಚಿತ್ರ ಅಂದರೆ, ಬ್ರೆಟನ್ ಸ್ವತಃ 5 ವರ್ಷ ಮೊದಲು ಅದನ್ನೇ ಮಾಡಿ ತೋರಿಸಿದ್ದ. 1931ರ ಆಗಸ್ಟ್ 26ರ ರಾತ್ರಿ ಎದ್ದು, ಆಗಲೇ ಒಂದು ಕನಸು ಬರೆದುಕೊಂಡ. ಅದರಲ್ಲಿ ಒಂದು ಟೈ ಅಂಗಡಿ. ಅಲ್ಲೊಂದು ಕಡುಗೆಂಪು ಟೈ. ಟೈ ಮೇಲೆ ಹಳೆ ಜರ್ಮನ್ ಸಿನಿಮಾದ ರಕ್ತಪಿಶಾಚಿಯ ಬಿಳಿ ಮುಖ. ಆ ಮುಖವೇ ಊರುಗಳ ಹೆಸರಿಲ್ಲದ ಫ್ರಾನ್ಸಿನ ನಕ್ಷೆ! 1932ರ ಪುಸ್ತಕದಲ್ಲಿ ಅವನು ಈ ಕನಸನ್ನು ಸಣ್ಣದಾಗಿ ಹೇಳಿದ. ಆಮೇಲೆ ಪುಟಗಟ್ಟಲೆ ಹುಡುಕಾಟ. ಟೈ ಎಲ್ಲಿಂದ ಬಂತು, ಆ ಮುಖ ಎಲ್ಲಿಂದ ಬಂತು, ಆಗ ತನ್ನ ಬದುಕಲ್ಲಿ ಏನು ನಡೆದಿತ್ತು ಎಂದು ಒಂದೊಂದೇ ಎಳೆ ಬಿಡಿಸಿದ.

ನಿಮ್ಮ ತಂದೆ ಈಗ ಹೇಳಲಾರರು. ಆದರೆ ಅಮ್ಮ ಇದ್ದಾರೆ. ಒಂದು ಬೇರೆ ನೋಟ್‌ಬುಕ್ಕು ತೆಗೆದುಕೊಳ್ಳಿ. ಅಪ್ಪನ ತಾರೀಖು ಹಾಕಿ ಕೇಳುತ್ತಾ ಹೋಗಿ. ಆ ವರ್ಷ ನೂಲಿನ ರೇಟು ಏನಾಗಿತ್ತು? ಸಾಹುಕಾರನಿಗೆ ಸಾಲ ಇತ್ತಾ? ಮಳೆಗೆ ಮಗ್ಗದ ಕುಣಿಗೆ ನೀರು ಹೊಕ್ಕಿತ್ತಾ? ಅಣ್ಣ-ತಮ್ಮ ಮನೆ ಪಾಲು ಮಾಡಿಕೊಂಡದ್ದು ಯಾವಾಗ? ಅರ್ಥ ಹೇಳೋದು ಬೇಡ, ಸುಮ್ನೆ ನಡೆದದ್ದನ್ನು ಬರೆಯಿರಿ. ಅಮ್ಮನ ನೆನಪು ಇರುವಾಗಲೇ ಇದು ಆಗಬೇಕು. ಇದನ್ನು ಬೇರೆ ಯಾವ ಪಂಡಿತನೂ ನಿಮಗೆ ಮಾಡಿಕೊಡಲಾರ.

ದೊಡ್ಡಪ್ಪನ ಮಕ್ಕಳ ಭಯಕ್ಕೂ ದಾರಿ ಇದೆ. ಮಿಷೆಲ್ ಲೀರಿಸ್ ಎಂಬ ಇನ್ನೊಬ್ಬ ಫ್ರೆಂಚ್ ಲೇಖಕ ಸರ್ರಿಯಲಿಸ್ಟರ ಜೊತೆ ಕೆಲವು ವರ್ಷ ಇದ್ದ. 1922ರಿಂದ 1989ರ ತನಕ ಡೈರಿ ಬರೆದ. ಅದರಲ್ಲಿ ಕನಸುಗಳೂ ಇದ್ದವು. ಆರಿಸಿದ ಕನಸುಗಳ ಒಂದು ಪುಸ್ತಕವನ್ನು 1961ರಲ್ಲಿ ತಾನೇ ತಂದ. ಪೂರ್ತಿ ಡೈರಿ ಅಚ್ಚಾದದ್ದು 1992ರಲ್ಲಿ, ಅವನು ತೀರಿಕೊಂಡು 2 ವರ್ಷದ ಮೇಲೆ. ಅಂದರೆ ಇಟ್ಟುಕೊಳ್ಳೋದು ಬೇರೆ, ಅಚ್ಚು ಹಾಕೋದು ಬೇರೆ. ನೀವು ಈಗ ಇಟ್ಟುಕೊಳ್ಳಿ ಸಾಕು. ಹೆಸರಿರುವವರು ಬದುಕಿರುವ ತನಕ ಅಚ್ಚಿನ ಮಾತು ಬೇಡ. ಮುಂದೆ ತರುವುದಾದರೂ ವಾರಸುದಾರರೆಲ್ಲ ಒಪ್ಪಬೇಕು. ಅಪ್ರಕಟಿತ ಬರಹದ ಹಕ್ಕೂ ಅವರಿಗೇ ಬರುತ್ತದೆ.

ಕಾಗದದ ಬಗ್ಗೆ ನಾಲ್ಕು ಮಾತು. ಪೆನ್ಸಿಲ್ ಬರಹ ಎಂದು ಹೆದರಬೇಡಿ. ಅದು ಬೆಳಕಿಗೆ ಮಾಸುವುದಿಲ್ಲ, ನೀರು ಬಿದ್ದರೆ ಮಸಿಯ ಹಾಗೆ ಹರಡುವುದೂ ಇಲ್ಲ. ಉಜ್ಜಿದರೆ ಮಾತ್ರ ಹೋಗುತ್ತದೆ. ಹಾಗಾಗಿ ಪುಟದ ಮೇಲೆ ಕೈ ಆಡಿಸಬೇಡಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಹಳದಿಯಾಗಿ ಕಾಗದ ತಿನ್ನುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ತುಕ್ಕು ಹಿಡಿದ ಪಿನ್ನು ನಿಧಾನವಾಗಿ ತೆಗೆಯಿರಿ. ಬೆಳಗಿನ ಬೆಳಕಲ್ಲಿ, ಬಿಸಿಲು ನೇರ ಬೀಳದ ಕಡೆ, ಮೊಬೈಲ್‌ನಲ್ಲಿ ಪ್ರತಿ ಪುಟದ ಫೋಟೋ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ. ಕನಸು ಬೀಳದ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಆಮೇಲೆ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ನೆಲಕ್ಕೆ ತಾಗದ ಹಾಗೆ ಕಪಾಟಿನ ಮೇಲಿನ ಹಲಗೆಯಲ್ಲಿ ಇಡಿ. ನೇಕಾರರ ಮನೆ, ಒಳ್ಳೆ ಬಟ್ಟೆಗೆ ಬರ ಇಲ್ಲ ಅಲ್ವಾ?

ಪ್ರಶ್ನೆ: ನಾನೂ ಕನಸು ಬರೆದಿಡಬೇಕು ಅಂದುಕೊಂಡಿದ್ದೇನೆ. ಎದ್ದ ತಕ್ಷಣ ಮರೆತು ಹೋಗುತ್ತದೆ. ಬೆಳಗಿನ ಜಾವದ ಕನಸು ಮಾತ್ರ ನೆನಪಿರುತ್ತದೆ. ಅದು ನಿಜವಾಗುತ್ತದೆ ಎಂದು ಅಜ್ಜಿ ಹೇಳುತ್ತಾರೆ.
— ಕಾಲೇಜು ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೆಳಗಿನದೇ ನೆನಪಿರಲು ಕಾರಣ ಇದೆ. ನಿದ್ದೆಯಲ್ಲಿ ಮುಚ್ಚಿದ ಕಣ್ಣು ಸರಸರ ಓಡಾಡುವ ಹೊತ್ತು ಒಂದಿದೆ. 1953ರಲ್ಲಿ ಶಿಕಾಗೋದಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ವರದಿ ಮಾಡಿದರು. ಎದ್ದು ಕತೆಯ ಹಾಗೆ ಹೇಳಬಹುದಾದ ಕನಸು ಜಾಸ್ತಿ ಬೀಳೋದು ಆಗಲೇ. ಸುಮಾರು 90 ನಿಮಿಷಕ್ಕೊಮ್ಮೆ ಅದು ಬರುತ್ತದೆ. ಬೆಳಗಾದಂತೆ ಉದ್ದವಾಗುತ್ತಾ ಹೋಗುತ್ತದೆ. ಅದರ ನಡುವೆಯೇ ಎಚ್ಚರಾದರೆ ಕನಸು ಕೈಗೆ ಸಿಗುತ್ತದೆ. ನಿಜವಾಗೋ ಮಾತಿಗೆ ಆಧಾರ ಇಲ್ಲ. ಆದರೆ ಅಜ್ಜಿ ಬೆಳಗಿನ ಕನಸನ್ನೇ ಗುರುತಿಸಿದ್ದು ಸರಿಯಾಗಿದೆ.

ಎಚ್ಚರಾದಾಗ ಮಗ್ಗಲು ಬದಲಿಸಬೇಡಿ. ಮೊಬೈಲ್ ಮುಟ್ಟಬೇಡಿ. ಕಡೆಗೆ ಏನು ಕಂಡಿತು ಅಲ್ಲಿಂದ ಹಿಂದಕ್ಕೆ ಹೋಗಿ. ದಿಂಬಿನ ಹತ್ತಿರ ಪೆನ್ಸಿಲ್ ಇಡಿ. ಅಂಗಾತ ಮಲಗಿ ಬರೆದರೆ ಬಾಲ್‌ಪೆನ್ ನಿಂತು ಬಿಡುತ್ತದೆ. ಮೊದಲು ವಸ್ತುಗಳ ಹೆಸರು ಬರೆಯಿರಿ, ವಾಕ್ಯ ಆಮೇಲೆ ನೋಡೋಣ. ಅಕ್ಕಮಹಾದೇವಿ ತನ್ನ ಕನಸನ್ನು ಹೇಳಿದ ವಚನ ನೆನಪಿದೆಯಾ? ಮೊದಲು ಅಕ್ಕಿ, ಅಡಕೆ, ಓಲೆ, ತೆಂಗಿನಕಾಯಿ. ಭಿಕ್ಷೆಗೆ ಬಂದ ಗೊರವ ಆಮೇಲೆ. ಎಂಟುನೂರು ವರ್ಷ ಕಳೆದರೂ ಆ ಕನಸು ಕಣ್ಣಿಗೆ ಕಟ್ಟುತ್ತದೆ.

ಪ್ರಶ್ನೆ: ವಾರಕ್ಕೆ ಮೂರು-ನಾಲ್ಕು ಸಲ ಹಾವಿನ ಕನಸು ಬೀಳುತ್ತದೆ. ಫಲ ಏನು?
— ಓದುಗರು, ಹಾವೇರಿ

ಉತ್ತರ: ಫಲ ಹೇಳುವುದು ನನ್ನ ಕೆಲಸವಲ್ಲ, ಹೇಳಿದರೆ ನಿಮಗೆ ಅನ್ಯಾಯವಾಗುತ್ತದೆ. ನಿಮ್ಮ ಹಾವಿನ ಪಕ್ಕದಲ್ಲಿ ಹಿಂದಿನ ದಿನ ಏನಾಯಿತು ಎಂದು ಬರೆದು ನೋಡಿ. ಹೆದರಿ ನಿದ್ದೆಯೇ ಕೆಡುತ್ತಿದ್ದರೆ ಬರೆಯುತ್ತಾ ಕೂರಬೇಡಿ. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಬರೆದ ಹಾಳೆ ಇದ್ದರೆ ಜೊತೆಗೆ ಒಯ್ಯಿರಿ, ಡಾಕ್ಟರಿಗೆ ಉಪಯೋಗವಾಗುತ್ತದೆ.