ಪ್ರತಿಕ್ರಿಯೆ: ಮೆಣಸಿನ ಬೆಲೆಮಿತಿ ಕೇಳಿದರೆ ಸಿದ್ಧಾಂತ ಬಿಟ್ಟಂತೆಯೇ?

ಮುಕ್ತ ವ್ಯಾಪಾರ ಬೇಕು ಅನ್ನೋರೇ ಕಾಳುಮೆಣಸಿನ ಆಮದಿಗೆ ಕನಿಷ್ಠ ಬೆಲೆ ಕೇಳಿದರೆ ಅದು ಇಬ್ಬಗೆ ನೀತಿ ಅಲ್ಲವಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸಲ್ಲ ಸರ್. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಸುಂಕ ತಪ್ಪಿಸಿಕೊಂಡು ಬರ್ತಿದೆ ಅನ್ನೋದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರ ದೂರಾಗಿತ್ತು. ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದದೊಳಗಿನ ಈ ಕಳ್ಳದಾರಿ ಮುಚ್ಚಿದರೆ ಮುಕ್ತ ವ್ಯಾಪಾರಕ್ಕೇನೂ ದ್ರೋಹವಾಗಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಆಮದಿಗೆ ಕಿಲೋಗೆ 500 ರೂ. ಕನಿಷ್ಠ ಬೆಲೆಮಿತಿ ಹಾಕಿತು, ಆಮೇಲೆ ಸಂಸ್ಕರಿಸಿ ರಫ್ತು ಮಾಡೋರಿಗೆ ವಿನಾಯಿತಿಯನ್ನೂ ಕೊಟ್ಟಿತು. ಬೆಳೆಗಾರರಿಗೂ ಪೂರ್ತಿ ಖುಷಿಯಿಲ್ಲ, ವ್ಯಾಪಾರಿಗಳಿಗೂ ಇಲ್ಲ. ರಾಜಿ ಅಂದ್ರೆ ಹಾಗೇ ಬಿಡಿ. ನನ್ನ ತಕರಾರು ಬೇರೆ: ಅಗ್ಗದ ಮಾಲಿಗೆ ಬಿಲ್ಲಿನಲ್ಲಿ ಮಾತ್ರ 500 ಅಂತ ಬರೆದು ತಂದರೆ ಬಂದರಿನಲ್ಲಿ ಹಿಡಿಯೋರು ಯಾರು? ಬೆಲೆಮಿತಿ ಬೆಂಬಲಿಸೋರನ್ನ ನಾನಾಗಿದ್ರೆ ಮೊದಲು ಇದನ್ನೇ ಕೇಳ್ತಿದ್ದೆ.