ಟೈಮ್ ಸೆಕ್ಷನ್ ಇರುವಾಗ ಡೆಪ್ತ್ ಇಮೇಜಿಂಗ್‌ಗೆ ಮತ್ತೆ ದುಡ್ಡು ಕೊಡಬೇಕಾ?

ಟೈಮ್ ಸೆಕ್ಷನ್ (ನೆಲದೊಳಕ್ಕೆ ಬಿಟ್ಟ ಅಲೆ ಪದರಗಳಿಗೆ ತಾಗಿ ವಾಪಸ್ ಬರಲು ಹಿಡಿದ ಸಮಯದ ಲೆಕ್ಕದಲ್ಲಿ ಬರೆದ ಚಿತ್ರ) ಕೈಯಲ್ಲಿದೆ, ಬಾವಿಯಲ್ಲಿ ಅಳೆದ ಅಲೆಯ ವೇಗವೂ ಇದೆ, ಲೆಕ್ಕ ಹಾಕಿದರೆ ಆಳ ಸಿಗುತ್ತದೆ, ಮತ್ತೆ ಡೆಪ್ತ್ ಇಮೇಜಿಂಗ್, ಅಂದರೆ ಅದೇ ಡೇಟಾದಿಂದ ನೇರ ಆಳದ ಲೆಕ್ಕದಲ್ಲೇ ಚಿತ್ರ ಕಟ್ಟುವುದು, ಯಾಕೆ ಅಂತ ಕೇಳಿದ್ದೀರಿ. ಸೀಸ್ಮಿಕ್ ಡೇಟಾ ಪ್ರೊಸೆಸಿಂಗ್ ನನ್ನ ಕಸುಬು. ಅಂದರೆ ಈ ಸೇವೆ ಮಾರುವವರ ಕಡೆಯವನು ನಾನು. ಅದು ನೆನಪಿರಲಿ.

ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿದ್ದು, ವೇಗ ಜಾಗದಿಂದ ಜಾಗಕ್ಕೆ ಅಷ್ಟಾಗಿ ಬದಲಾಗದಿದ್ದರೆ ನಿಮ್ಮ ಲೆಕ್ಕವೇ ಸಾಕು. ಸುಮ್ನೆ ಖರ್ಚು ಮಾಡಬೇಡಿ.

ಕಷ್ಟ ಶುರುವಾಗುವುದು ನೆಲದಡಿ ಉಪ್ಪಿನ ಗುಡ್ಡೆ ಇದ್ದಾಗ. ಉಪ್ಪಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 4500 ಮೀಟರ್ ಓಡುತ್ತದೆ. ಪಕ್ಕದ ಕಲ್ಲಿನಲ್ಲಿ 2500 ಅಂದುಕೊಳ್ಳಿ. ಉಪ್ಪು 1000 ಮೀಟರ್ ದಪ್ಪ ಇದ್ದರೆ ಹೋಗಿಬರಲು ಸುಮಾರು 0.44 ಸೆಕೆಂಡ್, ಅಷ್ಟೇ ದಪ್ಪದ ಕಲ್ಲಿಗೆ 0.8. ಹೀಗಾಗಿ ಉಪ್ಪಿನ ಕೆಳಗಿನ ಪದರದ ಪ್ರತಿಧ್ವನಿ ಬೇಗ ಬಂದುಬಿಡುತ್ತದೆ. ಚಪ್ಪಟೆ ಪದರ ಸುಮಾರು 450 ಮೀಟರ್ ಉಬ್ಬಿದ ಹಾಗೆ ಕಾಣುತ್ತದೆ. ಎಣ್ಣೆ ಹುಡುಕುವವರಿಗೆ ಉಬ್ಬು ಕಂಡರೆ ಬಾಯಲ್ಲಿ ನೀರೂರುತ್ತದೆ, ಅಲ್ವಾ? ಸರಿಯಾದ ವೇಗ ಹಾಕಿದರೆ ಉಬ್ಬೇನೋ ಇಳಿಯುತ್ತದೆ. ಆದರೆ ಉಪ್ಪಿನ ಓರೆ ಮೈಗೆ ತಾಗಿದ ಅಲೆ ಬಾಗಿ ಸಾಗಿರುತ್ತದೆ. ಪದರ ಪಕ್ಕಕ್ಕೂ ಸರಿದು ಕೂತಿರುತ್ತದೆ. ಬರೀ ಗುಣಾಕಾರ ಅದನ್ನು ವಾಪಸ್ ತರುವುದಿಲ್ಲ.

ನೀವು ದುಡ್ಡು ಕೊಡುವುದು ಚಿತ್ರಕ್ಕಲ್ಲ, ನೆಲದಡಿ ಎಲ್ಲೆಲ್ಲಿ ಅಲೆಯ ವೇಗ ಎಷ್ಟು ಅನ್ನುವ ವೇಗದ ಮಾದರಿಗೆ. ಚಿತ್ರ ಕಟ್ಟುವ ವಿಧಾನಗಳಾದ ಕಿರ್ಕಾಫ್, ರಿವರ್ಸ್ ಟೈಮ್ ಮೈಗ್ರೇಶನ್ ಎಲ್ಲ ಕಂಪನಿಗಳ ಹತ್ತಿರವೂ ಇವೆ. ರಿವರ್ಸ್ ಟೈಮ್ 1983ರಷ್ಟು ಹಳೆಯದು, ಆಗ ಕಂಪ್ಯೂಟರ್‌ಗಳಿಗೆ ತಾಕತ್ತಿರಲಿಲ್ಲ ಅಷ್ಟೇ. ವೇಗ ಸರಿಯಿದ್ದರೆ ಗ್ಯಾದರ್‌ಗಳಲ್ಲಿ (ಒಂದೇ ಜಾಗವನ್ನು ಬೇರೆ ಬೇರೆ ದೂರದಿಂದ ನೋಡಿದ್ದನ್ನು ಪಕ್ಕಪಕ್ಕ ಇಟ್ಟ ಚಿತ್ರ) ಗೆರೆಗಳು ಮಟ್ಟವಾಗಿರುತ್ತವೆ. ಕಡಿಮೆ ಹಾಕಿದ್ದರೆ ಮೇಲಕ್ಕೆ ಬಾಗುತ್ತವೆ, ಜಾಸ್ತಿಯಾದರೆ ಕೆಳಕ್ಕೆ. ಆ ಬಾಗನ್ನು ಟೊಮೊಗ್ರಫಿಗೆ (ವೇಗ ಎಲ್ಲಿ ತಪ್ಪಿದೆ ಅಂತ ಹುಡುಕುವ ಲೆಕ್ಕ) ಕೊಟ್ಟು ವೇಗ ತಿದ್ದಿ ಮತ್ತೆ ಓಡಿಸುತ್ತೇವೆ. ಉಪ್ಪಿನ ನೆತ್ತಿ ಗುರುತಿಸಿ, ಕೆಳಗೆಲ್ಲ ಉಪ್ಪಿನ ವೇಗ ತುಂಬಿ, ಆಮೇಲೆ ಬುಡ ಹುಡುಕುತ್ತೇವೆ. ತಿಂಗಳುಗಟ್ಟಲೆ ಹಿಡಿಯುವುದು ಇದೇ ಕೆಲಸ.

ಒಮ್ಮೆ ಉಪ್ಪಿನ ಅಂಚು ಹೊರಚಾಚಿದ್ದನ್ನು ನಾನು ಗಮನಿಸದೆ ನೆಟ್ಟಗೆ ಗೆರೆ ಎಳೆದುಬಿಟ್ಟೆ. ಕೆಳಗಿನ ಪದರ ಮುರಿದ ಹಾಗೆ ಕಂಡಿತು. ಗಿರಾಕಿಯ ಭೂವಿಜ್ಞಾನಿ ಅಲ್ಲಿ ಖುಷಿಯಿಂದ ಫಾಲ್ಟ್ (ಪದರ ಮುರಿದು ಸರಿದ ಬಿರುಕು) ಬರೆದುಕೊಂಡರು. ಮುಂದಿನ ಸುತ್ತಿನಲ್ಲಿ ಅಂಚು ತಿದ್ದಿದಾಗ ಫಾಲ್ಟ್ ಮಾಯ. ಅವರಿಗೆ ಫೋನ್ ಮಾಡಿ ಹೇಳುವಷ್ಟರಲ್ಲಿ ನನಗೆ ಬೆವರಿತ್ತು.

ಗ್ಯಾದರ್ ಮಟ್ಟವಾದ ಮಾತ್ರಕ್ಕೆ ಆಳ ಸರಿ ಅಂತಲೂ ಅಲ್ಲ. ಜೇಡಿಕಲ್ಲಿನಲ್ಲಿ ಅಲೆ ನೇರ ಕೆಳಕ್ಕಿಂತ ಅಡ್ಡಕ್ಕೆ ವೇಗವಾಗಿ ಓಡುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಪದರ ಬಾವಿಯಲ್ಲಿ ಸಿಕ್ಕಿದ್ದಕ್ಕಿಂತ ಆಳದಲ್ಲಿ ಕಾಣುತ್ತದೆ. ಹಾಗಾಗಿ ಕೆಲಸ ಕೊಟ್ಟರೆ ಪ್ರತಿ ಸುತ್ತಿನ ಗ್ಯಾದರ್ ಕೇಳಿ ತೆಗೆದುಕೊಳ್ಳಿ. ಎರಡು ಮೂರು ಬಾವಿ ಇದ್ದರೆ ಒಂದರ ಮಾಹಿತಿ ನಮಗೆ ಕೊಡದೆ ಬಚ್ಚಿಡಿ, ಕೊನೆಗೆ ಎಷ್ಟು ಮೀಟರ್ ತಪ್ಪಿದ್ದೇವೆ ಅಂತ ನೋಡಿ. ನಮ್ಮ ಕಡೆಯವರಿಗೆ ಈ ಪರೀಕ್ಷೆ ಅಷ್ಟಾಗಿ ಇಷ್ಟವಾಗುವುದಿಲ್ಲ.