ಟೊಮೇಟೊಗೆ ತಿಂಗಳು ಕೇಳ್ತೀರಿ, ಸೀಗಡಿಗೆ ಯಾಕಿಲ್ಲ?

ಬಂಗಾರಪೇಟೆಯ ಓದುಗರೊಬ್ಬರ ಪತ್ರ: “ಬಿಸಿ ಸಮುದ್ರದಲ್ಲಿ ಸೀಗಡಿ, ಏಡಿಗಳ ಬಗೆ ಜಾಸ್ತಿ, ಧ್ರುವದ ಕಡೆ ಹೋದಂತೆ ಕಡಿಮೆ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಮೊನ್ನೆ ಮದುವೆಗೆ ಮಂಗಳೂರಿಗೆ ಹೋಗಿದ್ದೆ. ಗಾಳಿಗೆ ಛತ್ರಿ ಮುರಿದರೂ ಬಿಡದೆ ಮೀನು ಮಾರ್ಕೆಟ್ ಸುತ್ತಿದೆ. ಒಂದು ಬಗೆ ಸೀಗಡಿ, ಒಂದು ಬಗೆ ಏಡಿ, ಅಷ್ಟೇ. ನನ್ನ ಮಗ ಇರುವ ನಾರ್ವೆಯಲ್ಲಿ ಸೀಗಡಿ ರಾಶಿ ರಾಶಿ. ನಿಮ್ಮದು ಬರೀ ಪುಸ್ತಕದ ಬದನೆಕಾಯಿ.”

ಸಂಪಾದಕರ ಉತ್ತರ:

ಸ್ವಾಮಿ, ನಿಮ್ಮ ಪತ್ರದಲ್ಲಿ ತಾರೀಕು ಹುಡುಕಿದೆ, ಇಲ್ಲ. ಮಂಗಳೂರಿಗೆ ಯಾವ ತಿಂಗಳು ಹೋಗಿದ್ದಿರಿ ಅನ್ನೋದೂ ಇಲ್ಲ. ಕೊನೆಗೆ ಆ ಛತ್ರಿ ಕೈಹಿಡಿಯಿತು. ಜೂನ್ ಇಲ್ಲಾ ಜುಲೈ, ಅಲ್ವಾ? ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಬೋಟುಗಳೆಲ್ಲ ಧಕ್ಕೆಯಲ್ಲಿ, ಅಂದರೆ ಮೀನು ಬಂದರಿನಲ್ಲಿ, ಕಟ್ಟಿರುತ್ತವೆ. ಬೇಸಿಗೆ ರಜೆಯಲ್ಲಿ ಶಾಲೆಗೆ ಹೋಗಿ ಮಕ್ಕಳ ತಲೆ ಎಣಿಸಿದ ಹಾಗಾಯಿತು ನಿಮ್ಮ ಲೆಕ್ಕ.

ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ತಣ್ಣನೆಯ ಸಮುದ್ರದಲ್ಲಿ ರಾಶಿ ದೊಡ್ಡದು. ಆದರೆ ರಾಶಿಯಲ್ಲಿ ಕೈಯಾಡಿಸಿದರೆ ಹೆಚ್ಚುಕಡಿಮೆ ಒಂದೇ ಜಾತಿ. ಅಂಟಾರ್ಕ್ಟಿಕಾದಲ್ಲಿ ಸೀಗಡಿಯಂಥ ಕ್ರಿಲ್‌ನ ಒಂದೇ ಒಂದು ಜಾತಿಯ ತೂಕ ಕೋಟಿಗಟ್ಟಲೆ ಟನ್. ನಿಮ್ಮ ಪರವಾಗಿ ಇನ್ನೊಂದು ಮಾತು: ಅದೇ ಅಂಟಾರ್ಕ್ಟಿಕಾದಲ್ಲಿ ಆಂಫಿಪಾಡ್ ಅನ್ನೋ, ಸೀಗಡಿಯ ನೆಂಟರಾದ ಪುಟಾಣಿಗಳ ಬಗೆ ನೂರಾರು. ಏಡಿ ಮಾತ್ರ ಅಲ್ಲಿ ಅಪರೂಪ. ಚಳಿಯಲ್ಲಿ ರಕ್ತದೊಳಗಿನ ಮೆಗ್ನೀಸಿಯಂ ಹೊರಹಾಕಲಾಗದೆ ಮರಗಟ್ಟುತ್ತವೆ ಅನ್ನುತ್ತಾರೆ. ಏಡಿಯ ಬಗೆಗಳು ಬೇಕಾದರೆ ಇಂಡೋನೇಷ್ಯಾ, ಫಿಲಿಪೀನ್ಸ್ ಕಡೆಯ ಹವಳದ ಸಂದುಗಳಲ್ಲಿ ಹುಡುಕಬೇಕು. ಅಟ್ಲಾಸ್ ತೆರೆಯಿರಿ. ಕೋಲಾರ, ಮಂಗಳೂರು ಎರಡೂ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿವೆ. ನಾರ್ವೆ ಶುರುವಾಗೋದೇ 58ರಿಂದ.

ಅಕ್ಷಾಂಶದ ಮಾತು ಅಲ್ಲಿಗಿರಲಿ. ನನ್ನ ಜಗಳ ಇರೋದು ತಿಂಗಳ ಬಗ್ಗೆ. ನೇತ್ರಾವತಿಯ ಅಳಿವೆ ಮೇ ತಿಂಗಳಲ್ಲಿ ಉಪ್ಪುಪ್ಪು. ಜುಲೈಯಲ್ಲಿ ಹೆಚ್ಚುಕಡಿಮೆ ಸಿಹಿನೀರು. ಸೀಗಡಿಯ ಅತಿ ಪುಟ್ಟ ನೆಂಟರಾದ, ಉಪ್ಪು ಬೇಕಾದ ಕೋಪೆಪಾಡ್‌ಗಳು ಆಗ ಅಲ್ಲಿ ಉಳಿಯೋದಿಲ್ಲ. ನಾರ್ವೆಯ ಕ್ಯಾಲನಸ್ ಅನ್ನೋ ಕೋಪೆಪಾಡ್ ವಸಂತದಲ್ಲಿ ಮೇಲೆ ಬಂದು ಪಾಚಿ ಮೇಯುತ್ತದೆ. ಮೈತುಂಬ ಕೊಬ್ಬು ಕಟ್ಟಿಕೊಂಡು ಆಳಕ್ಕಿಳಿದು ಚಳಿಗಾಲವೆಲ್ಲ ಮಲಗುತ್ತದೆ. ಜನವರಿಯಲ್ಲಿ ಮೇಲೆ ಮೇಲೆ ಬಲೆ ಎಳೆದವನು ಇಲ್ಲೇನಿಲ್ಲ ಅಂತ ಬರೆದುಬಿಡಬಹುದು.

ಅಷ್ಟು ದೂರ ಯಾಕೆ? ಚಿಕ್ಕವನಿದ್ದಾಗ ನಮ್ಮೂರ ಕುಂಟೆ, ಅಂದರೆ ಪುಟ್ಟ ಕೆರೆ, ಏಪ್ರಿಲ್‌ನಲ್ಲಿ ಬಿರಿದು ಬಾಯಿಬಿಟ್ಟಿರುತ್ತಿತ್ತು, ನಾವು ಅದರಲ್ಲೇ ಗೋಲಿ ಆಡುತ್ತಿದ್ದೆವು. ಮಳೆ ಬಿದ್ದು ಎರಡು ವಾರಕ್ಕೆ ಅದರ ನೀರನ್ನು ಬಾಟ್ಲಿಗೆ ತುಂಬಿ ಬಿಸಿಲಿಗೆ ಹಿಡಿದರೆ ಗಾಜಿನಂಥ ಹುಳಗಳು. ಬೆನ್ನು ಕೆಳಗೆ, ಹೊಟ್ಟೆ ಮೇಲೆ, ಸಾಲುಗಾಲು ಅಲ್ಲಾಡಿಸುತ್ತಾ ಈಜುತ್ತಿದ್ದವು. ನಮಗೆ ಅವು ಸುಮ್ನೆ ಹುಳ. ಫೇರಿ ಶ್ರಿಂಪ್, ಸೀಗಡಿಯ ದೂರದ ನೆಂಟ ಅಂತ ತಿಳಿದಾಗ ನನಗೆ ಮೀಸೆ ಬಂದಿತ್ತು. ಅದರ ಮೊಟ್ಟೆ ಒಣ ಮಣ್ಣಲ್ಲಿ ವರ್ಷಗಟ್ಟಲೆ ಕಾಯುತ್ತದಂತೆ. ನಾವು ಗೋಲಿ ಆಡಿದ್ದು ಅವುಗಳ ತಲೆ ಮೇಲೆ.

ಈಗ ಕೆರೆ ದಂಡೆಯಲ್ಲೊಂದು ಬೋರ್ಡ್ ನಿಲ್ಲಿಸುತ್ತಾರೆ: ಇಲ್ಲಿ ಇಷ್ಟು ಬಗೆ ಹಕ್ಕಿ. ಯಾವಾಗ ಎಣಿಸಿದ್ದು? ವಲಸೆ ಹಕ್ಕಿ ತುಂಬಿದ ಜನವರಿಯಲ್ಲೋ, ಮೇನಲ್ಲೋ? ಬೋರ್ಡಿನಲ್ಲಿ ಇರೋದಿಲ್ಲ. ಉದ್ಘಾಟನೆ ಮಾಡಿದವರ ಹೆಸರು ಮಾತ್ರ ದಪ್ಪಕ್ಷರದಲ್ಲಿರುತ್ತದೆ. ನಮ್ಮ ಎಪಿಎಂಸಿಯಲ್ಲಿ ನಿಂತು ಟೊಮೇಟೊ ಬಾಕ್ಸ್ ಎಷ್ಟು ಅಂತ ಕೇಳಿ. ಯಾವ ತಿಂಗಳದ್ದು ಸ್ವಾಮಿ ಅಂತಾನೆ ಹಮಾಲಿ. ವರದಿ ಬರೆಯುವವರಿಗೆ ಅಷ್ಟೂ ಬೇಡವಾಗಿದೆ.

ಅಕ್ಟೋಬರಿನಲ್ಲಿ ಇನ್ನೊಂದು ಸಲ ಮಂಗಳೂರಿಗೆ ಹೋಗಿ. ಬೆಳಗಿನ ಜಾವ ಧಕ್ಕೆಗೆ ಇಳಿದು, ತುಳುವಿನಲ್ಲಿ ಸೀಗಡಿಗೆ ಎಟ್ಟಿ, ಏಡಿಗೆ ಡೆಂಜಿ ಅನ್ನುವ ಹೆಂಗಸರ ಬುಟ್ಟಿಗಳಲ್ಲಿ ಇಣುಕಿ ಎಣಿಸಿ. ಬರೆದು ಕಳಿಸಿ, ಹಾಕುತ್ತೇನೆ. ಮೇಲುಗಡೆ ತಾರೀಕು ಇರಲಿ.